ರಾಗಿಯ ಬೆಂಕಿ ರೋಗವು ಪೈರಿನೊಳಕ್ಕೆ ಹೊಗುವ ಬಗೆ

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು, ಎಲ್.ಎಜಿ.)

ಬೆಂಗಳೂರು, ಕೋಲಾರ, ತುಮಕೂರು, ಮಂಡ್ಯ ಮೊದಲಾದ ಜಿಲ್ಲೆಗಳಲ್ಲಿ ರಾಗಿಯು ಜನರಿಗೆ ಊಟವೂ ದನಕರುಗಳಿಗೆ ಮೇವೂ ಆಗಿರುವ ಪೈರೆಂಬುದನ್ನು ವಾಚಕರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಕಡಿಮೆ ಮಳೆಯನ್ನೂ ತೆಳುವಾದ ಕೆಂಪು ಭೂಮಿಯನ್ನೂ ಸಹಿಸಿಕೊಂಡು ಬೆಳೆಯುವುದರಲ್ಲಿ ಇದಕ್ಕೆ ಸಮನಾದ ಧಾನ್ಯಗಳು ವಿರಳ. ಹಿಂದಿನವರು ಇದನ್ನು ಹಗೇವುಗಳಲ್ಲಿ ತುಂಬಿಟ್ಟು, ಬರಗಾಲದಲ್ಲಿ ತೆಗೆದು ಉಂಡು ಬದುಕಿದರು. ಇಷ್ಟು ಗಟ್ಟಿಯಾದ ಪೈರನ್ನೂ ಕೈಗೆ ಬರುವ ಹೊತ್ತಿನಲ್ಲಿ ಹೊಟ್ಟುಮಾಡಬಲ್ಲ ಶತ್ರುವೊಂದಿದೆ. ಅದೇ ಬೆಂಕಿ ರೋಗವು.

ಈ ಲೇಖನವನ್ನು ಬರೆಯುವುದಕ್ಕೆ ಕಾರಣವಾದ ಒಂದು ಸಂಗತಿಯನ್ನು ಮೊದಲು ಹೇಳುವೆನು. ಬೆಂಗಳೂರಿಗೆ ಉತ್ತರದಲ್ಲಿ ಜಾಲಹಳ್ಳಿಯ ಬಳಿಯಿರುವ ಶೆಟ್ಟಿಹಳ್ಳಿಯು ಈಗ ನಗರದೊಳಗೆ ಸೇರಿಹೋಗಿದೆ. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಬಹುಭಾಗ ಮನೆಗಳೆದ್ದಿವೆ. ಆ ಊರಿನ ಹಳೆಯ ಮನೆತನವೊಂದಕ್ಕೆ ಹೆಸರಘಟ್ಟದ ಕಡೆ ಮೂರು ಎಕರೆ ಖುಷ್ಕಿ ಮಾತ್ರ ಉಳಿದಿತ್ತು. ಮನೆಯ ಯಜಮಾನರು ವಯಸ್ಸಾದವರು. ಅಂಗಡಿಯಿಂದ ರಾಗಿ ತಂದು ಉಣ್ಣುವುದು ತಮ್ಮ ಮನೆಗೆ ಸಲ್ಲದೆಂಬ ಹಟದಿಂದ ಪ್ರತಿ ವರ್ಷವೂ ಬಿತ್ತಿಸುತ್ತಿದ್ದರು. ಒಂದು ವರ್ಷ ಚಿತ್ತೆ ಮಳೆಯು ಸೋನೆಯಾಗಿ ಹಿಡಿದು ಬಿಡದೆ ಇದ್ದಾಗ, ತೆನೆಯ ಕೆಳಗಿನ ಕಾವು ಕಪ್ಪಾಗುತ್ತಿದೆಯೆಂದು ನನ್ನನ್ನು ಕರೆಸಿದರು. ನಾನು ಹೋಗಿ ನೋಡಿ, ಬೆಂಕಿ ರೋಗವೆಂದು ಹೇಳಿ, ಔಷಧಿಯನ್ನು ಹೊಡೆಯಿಸುವಂತೆ ಸಲಹೆ ಕೊಟ್ಟು ಬಂದೆನು. ಔಷಧಿಗೂ ಆಳಿಗೂ ಹಣ ಖರ್ಚಾಯಿತು. ಒಕ್ಕಣೆಯ ಕಾಲದಲ್ಲಿ ಮತ್ತೆ ಹೋದಾಗ ಕಣದಲ್ಲಿ ಹುಲ್ಲಿನ ಮೆದೆಯು ದೊಡ್ಡದಾಗಿಯೂ ರಾಗಿಯ ರಾಶಿಯು ಬಲು ಚಿಕ್ಕದಾಗಿಯೂ ಇದ್ದವು.

“ಸ್ವಾಮಿ, ನೀವು ಹೇಳಿದ ಔಷಧಿಯನ್ನೇ ತಂದೆ, ನೀವು ಹೇಳಿದ ಅಳತೆಯಲ್ಲೇ ಹೊಡೆಸಿದೆ. ಪೈರು ಉಳಿಯಲಿಲ್ಲ. ತಪ್ಪು ಔಷಧಿಯದೋ, ನನ್ನದೋ? ಅದನ್ನು ಹೇಳಿ, ಇಲ್ಲವಾದರೆ ಬರುವ ವರ್ಷ ನಾನು ಬಿತ್ತುವುದಿಲ್ಲ” ಎಂದು ಅವರು ಕೇಳಿದರು.

ತಪ್ಪು ಔಷಧಿಯದೂ ಅಲ್ಲ, ಅವರದೂ ಅಲ್ಲ. ವೇಳೆಯನ್ನು ವಿಚಾರಿಸದೆ ಸಲಹೆ ಕೊಟ್ಟ ನನ್ನದು. ಈ ರೋಗದಲ್ಲಿ ಕಣ್ಣಿಗೆ ಕಾಣುವುದೆಲ್ಲವೂ ಕಡೆಯ ಅಂಕ. ಜಯಾಪಜಯಗಳು ಅದಕ್ಕೆ ಎಷ್ಟೋ ದಿನ ಮೊದಲೇ, ಒಂದು ರಾತ್ರಿಯ ಇಬ್ಬನಿಯಲ್ಲಿ, ತೀರ್ಮಾನವಾಗಿರುತ್ತವೆ. ಆ ರಾತ್ರಿಯಲ್ಲಿ ನಡೆಯುವುದೇನೆಂಬುದನ್ನು ವಿದ್ವಾಂಸರು ಈಚಿನ ಮೂವತ್ತು ನಲವತ್ತು ವರ್ಷಗಳಲ್ಲಿ ಅಣು ಅಣುವಾಗಿ ಬಿಡಿಸಿ ನೋಡಿದ್ದಾರೆ. ಅದನ್ನು ತಿಳಿದವರು ಹಣವನ್ನು ಎಲ್ಲಿ, ಯಾವಾಗ ಖರ್ಚುಮಾಡಬೇಕೆಂಬುದನ್ನು ತಾವೇ ನಿರ್ಣಯಿಸಬಲ್ಲರು.

ರೋಗದ ಲಕ್ಷಣಗಳು

ರೋಗವು ಪೈರಿಗೆ ಮೂರು ಕಡೆ ತಗಲುತ್ತದೆ. ಎಳೆಯ ಪೈರಿನಲ್ಲಿ ಎಲೆಗಳ ಮೇಲೆ ನೂಲುವ ಕದಿರಿನ ಆಕಾರದ, ಎಂದರೆ ನಡುವೆ ಅಗಲವಾಗಿ ಎರಡು ತುದಿಗಳಲ್ಲಿಯೂ ಚೂಪಾದ ಮಚ್ಚೆಗಳು ಏಳುತ್ತವೆ. ಅಂಚು ಕಂದು ಬಣ್ಣವಾಗಿಯೂ ನಡುಭಾಗ ಬೂದಿ ಬಣ್ಣವಾಗಿಯೂ ಇರುವುದು. ಮಚ್ಚೆಗಳು ಒಂದಕ್ಕೊಂದು ಕೂಡಿಕೊಂಡರೆ ಎಲೆಯು ಬೆಂಕಿ ತಗಲಿದಂತೆ ಒಣಗುವುದರಿಂದಲೇ ಈ ಹೆಸರು ಬಂದಿದೆ. ಎರಡನೆಯದಾಗಿ, ತೆನೆಯ ಬುಡದ ಕಾವು, ಎಂದರೆ ಕುತ್ತಿಗೆಯು, ಎರಡು ಮೂರು ಅಂಗುಲದಷ್ಟು ಕಪ್ಪಾಗುತ್ತದೆ. ಮೂರನೆಯದಾಗಿ, ತೆನೆಯ ಬೆರಳುಗಳು ತುದಿಯಿಂದ ಒಣಗುತ್ತಾ ಬರುತ್ತವೆ.

ಈ ಮೂರರಲ್ಲಿ ಕುತ್ತಿಗೆಯ ರೋಗವೇ ಹೆಚ್ಚು ಹಾನಿಕರವಾದದ್ದು. ಎಲೆಯೊಂದು ಹೋದರೆ ಮತ್ತೊಂದು ಹುಟ್ಟೀತು. ಆದರೆ ಗಿಡವು ತಯಾರಿಸಿದ ಆಹಾರವೆಲ್ಲವೂ ಕಾಳಿಗೆ ಸೇರುವುದಕ್ಕೆ ಕುತ್ತಿಗೆಯೊಂದೇ ದಾರಿ. ಹಾಲು ತುಂಬುವುದಕ್ಕೆ ಮುಂಚೆ ಆ ದಾರಿಯು ಮುಚ್ಚಿಹೋದರೆ ತೆನೆಯು ನಿಂತಿದ್ದರೂ ಒಳಗೆ ಕಾಳಿರುವುದಿಲ್ಲ. ತೀವ್ರವಾಗಿ ತಗಲಿದ ಹೊಲದಲ್ಲಿ ಫಸಲಿನ ಅರ್ಧಕ್ಕಿಂತ ಹೆಚ್ಚು ನಷ್ಟವಾಗುವುದುಂಟು.

ರೋಗವನ್ನುಂಟುಮಾಡುವ ಬೂಷ್ಟು

ಇದಕ್ಕೆ ಕಾರಣವು ಶಿಲೀಂಧ್ರ ವರ್ಗಕ್ಕೆ ಸೇರಿದ ಒಂದು ಸೂಕ್ಷ್ಮವಾದ ಬೂಷ್ಟು. ಇದರ ಬೀಜಕಣಗಳು ಮರಸೇಬಿನ ಆಕಾರದಲ್ಲಿರುವುದರಿಂದ ಶಾಸ್ತ್ರಜ್ಞರು ಇದಕ್ಕೆ ಪೈರಿಕ್ಯುಲೇರಿಯ ಎಂದು ಹೆಸರಿಟ್ಟರು. ನಲವತ್ತು ಕಣಗಳನ್ನು ಸಾಲಾಗಿ ಇಟ್ಟರೆ ಸುಮಾರಾಗಿ ಒಂದು ಮಿಲಿಮೀಟರು ಆಗುವುದು. ಭತ್ತದ ಬೆಂಕಿ ರೋಗವನ್ನೂ ಗೋಧಿಯ ಬೆಂಕಿ ರೋಗವನ್ನೂ ಉಂಟುಮಾಡುವುದು ಇದೇ ಜಾತಿಯ ಬೇರೆ ಬೇರೆ ಪಂಗಡಗಳು. ಭರತಖಂಡದಲ್ಲಿ ರಾಗಿಯ ಮೇಲೆ ಇದನ್ನು ಮೊದಲು ವರದಿ ಮಾಡಿದವರು ಮ್ಯಾಕ್ರೇ ಎಂಬುವರು. ಅದು 1920ರಲ್ಲಿ, ತಂಜಾವೂರಿನ ಸೀಮೆಯಲ್ಲಿ. ಭತ್ತದ ಪಂಗಡದ ವಂಶವಾಹಿಗಳೆಲ್ಲವನ್ನೂ 2005ರಲ್ಲಿ ಓದಿ ಮುಗಿಸಲಾಯಿತು. ಮುಂದೆ ಹೇಳತಕ್ಕ ಸೂಕ್ಷ್ಮ ಸಂಗತಿಗಳಲ್ಲಿ ಬಹುಪಾಲು ಭತ್ತದ ಮೇಲೆ ನಡೆದ ಶೋಧನೆಗಳಿಂದ ತಿಳಿದವು. ರಾಗಿಯ ಬೂಷ್ಟು ಅದರ ದಾಯಾದಿಯಾದ್ದರಿಂದ ಅದೇ ಮಾರ್ಗವನ್ನು ಹಿಡಿಯುತ್ತದೆ.

ಮೊದಲನೆಯ ರಾತ್ರಿ

ಗಾಳಿಯಲ್ಲಿ ತೇಲಿ ಬಂದ ಬೀಜಕಣವು ಎಲೆಯ ಮೇಲೆ ಬೀಳುತ್ತದೆ. ರಾಗಿಯ ಎಲೆಯ ಮೇಲೆ ಮೇಣದ ಪೊರೆಯಿರುವುದರಿಂದ ನೀರಿನ ಹನಿಯೇ ಅಲ್ಲಿ ನಿಲ್ಲದೆ ಜಾರಿಹೋಗುತ್ತದೆ. ಆದರೆ ಈ ಕಣದ ತುದಿಯಲ್ಲಿ ಒಂದು ಬಗೆಯ ಅಂಟು ಸಿದ್ಧವಾಗಿರುತ್ತದೆ. ಇಬ್ಬನಿಯ ತೇವವು ತಗಲಿದ ಕೂಡಲೆ ಆ ಅಂಟು ಹೊರಕ್ಕೆ ಬಂದು ಕಣವು ಎಲೆಗೆ ಕಚ್ಚಿಕೊಳ್ಳುವುದು. ಆಮೇಲೆ ಬೀಳುವ ಮಳೆಗೂ ಅದು ಸುಲಭವಾಗಿ ತೊಳೆದುಹೋಗುವುದಿಲ್ಲ.

ಒಂದೆರಡು ಗಂಟೆಗಳಲ್ಲಿ ಕಣವು ಮೊಳೆತು ಸಣ್ಣ ನಾಳವೊಂದನ್ನು ನೀಡುತ್ತದೆ. ತಾನಿರುವ ಸ್ಥಳವು ಗಟ್ಟಿಯಾಗಿದೆಯೇ, ನೀರನ್ನು ಒಲ್ಲದ ಮೇಣವಿದೆಯೇ, ಎಲೆಯ ಪೊರೆಯ ಅಣುಗಳು ಸಿಕ್ಕುತ್ತಿವೆಯೇ ಎಂಬುದನ್ನು ಆ ನಾಳದ ತುದಿಯು ತಡವಿ ತಿಳಿಯುವುದು. ಹೌದೆಂದು ಗೊತ್ತಾದರೆ ಒಂದು ಪ್ರೋಟೀನು ಮತ್ತೊಂದಕ್ಕೆ, ಅದು ಮಗುದೊಂದಕ್ಕೆ ಸುದ್ದಿಯನ್ನು ದಾಟಿಸುತ್ತಾ ಕಣದ ಗರ್ಭಕ್ಕೆ ಮುಟ್ಟಿಸುತ್ತವೆ. ಈ ಸರಪಣಿಯ ಮುಖ್ಯವಾದ ಕೊಂಡಿಯನ್ನು, ಪಿ.ಎಂ.ಕೆ. 1 ಎಂಬುದನ್ನು, 1996ರಲ್ಲಿ ಕಂಡುಹಿಡಿದರು. ಆ ಒಂದು ಕೊಂಡಿಯನ್ನು ಕಿತ್ತ ಬೂಷ್ಟು ಎಲೆಯ ಮೇಲೆ ಮೊಳೆತರೂ ಒಳಕ್ಕೆ ಹೊಗಲಾರದೆ ಹೋಯಿತು.

ಸುದ್ದಿ ಮುಟ್ಟಿದ ಮೇಲೆ ನಾಳದ ತುದಿಯು ಊದಿಕೊಂಡು ಗುಮ್ಮಟದಂತೆ ದುಂಡಗಿನ ಒಂದು ಗಂಟಾಗುತ್ತದೆ. ಇದನ್ನು ಒತ್ತುಗಂಟು ಎಂದು ಕರೆಯೋಣ. ಬೀಜಕಣದ ಮೂರು ಕೋಶಗಳೂ ತಮ್ಮಲ್ಲಿದ್ದ ಕೊಬ್ಬು, ಗ್ಲೈಕೊಜೆನ್ ಮುಂತಾದ ಗಂಟುಕಾಸನ್ನೆಲ್ಲಾ ಈ ಗಂಟಿಗೆ ಒಪ್ಪಿಸಿ ತಾವು ಸತ್ತುಹೋಗುತ್ತವೆ. ಆ ದಾಸ್ತಾನಿನಿಂದ ಒಳಗೆ ಗ್ಲಿಸರಾಲ್ ಎಂಬ ದ್ರವವು ತುಂಬುತ್ತದೆ. ಉಪ್ಪಿನಕಾಯಿಯ ಉಪ್ಪು ನೀರನ್ನು ಎಳೆದುಕೊಳ್ಳುವಂತೆ ಇದು ಹೊರಗಿನ ಇಬ್ಬನಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಗಂಟಿನ ಗೋಡೆಗೆ ಮೆಲನಿನ್ ಎಂಬ ಕಪ್ಪು ವಸ್ತುವಿನ ಗಿಲಾವು ಇರುವುದರಿಂದ ನೀರು ಒಳಕ್ಕೆ ಬರುತ್ತದೆಯೇ ಹೊರತು ಗ್ಲಿಸರಾಲ್ ಹೊರಕ್ಕೆ ಹೋಗದು. ಹೀಗೆ ಒತ್ತಡವು ಏರುತ್ತಾ ಹೋಗುವುದು.

ಆ ಒತ್ತಡವು ಎಷ್ಟೆಂಬುದನ್ನು 1991ರಲ್ಲಿ ಅಳೆದರು. ವಾಯುಮಂಡಲದ ಒತ್ತಡದ ಸುಮಾರು 80 ಪಟ್ಟು! ಮೋಟಾರು ಕಾರಿನ ಚಕ್ರದಲ್ಲಿರುವ ಗಾಳಿಯ ಒತ್ತಡದ ಸುಮಾರು 40 ಪಟ್ಟು. ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ, 2,600 ಅಡಿ ಆಳದ ಕೊಳವೆಬಾವಿಯಲ್ಲಿ ಬಾಯಿಯವರೆಗೂ ನೀರು ತುಂಬಿ ನಿಂತರೆ ತಳದಲ್ಲಿ ಎಷ್ಟು ಒತ್ತಡವಿರುವುದೋ ಅಷ್ಟು. ಇಷ್ಟು ಬಲವನ್ನೂ ಗಂಟಿನ ತಳದಲ್ಲಿರುವ ಒಂದು ಸಣ್ಣ ಮೊಳೆಯ ಮೇಲೆ ಕೂಡಿಸಿದಾಗ ಅದು ಎಲೆಯ ಪೊರೆಯನ್ನು ಚುಚ್ಚಿಕೊಂಡು ಒಳಕ್ಕೆ ಇಳಿಯುತ್ತದೆ. ಇಬ್ಬನಿ ಬಿದ್ದ ಸಂಜೆಯಿಂದ ಇಲ್ಲಿಯವರೆಗೆ ಸುಮಾರು ಒಂದು ಹಗಲು ಒಂದು ರಾತ್ರಿ. ಎಲೆಯು ಹತ್ತು ಹನ್ನೆರಡು ಗಂಟೆಗಳ ಕಾಲ ಒದ್ದೆಯಾಗಿದ್ದು ಹವೆಯು ಬೆಚ್ಚಗೂ ಅಲ್ಲದೆ ತಣ್ಣಗೂ ಅಲ್ಲದೆ 25 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಬೂಷ್ಟಿಗೆ ಅನುಕೂಲ. ಎಲೆಯು ಬೇಗ ಒಣಗಿದರೆ ಕಣವು ಕೆಲಸವನ್ನು ಮುಗಿಸಲಾರದೆ ಸಾಯುವುದು.

ಗಿಡದ ಕಾವಲು ಮತ್ತು ಬೂಷ್ಟಿನ ವಂಚನೆ

ಗಿಡವು ಸುಮ್ಮನೆ ಇರುವುದೆಂದು ತಿಳಿಯತಕ್ಕದ್ದಲ್ಲ. ಶಿಲೀಂಧ್ರಗಳ ಗೋಡೆಯಲ್ಲಿ ಕೈಟಿನ್ ಎಂಬ ವಸ್ತುವಿರುತ್ತದೆ. ಸೀಗಡಿಯ ಚಿಪ್ಪಿನಲ್ಲಿಯೂ ಜೀರುಂಡೆಯ ರೆಕ್ಕೆಯಲ್ಲಿಯೂ ಇರುವುದು ಇದೇ. ಸಸ್ಯಗಳಲ್ಲಿ ಇದು ಇಲ್ಲ. ಆದಕಾರಣ ಕೈಟಿನ್ನಿನ ಚೂರುಗಳು ಎಲ್ಲಿ ಸಿಕ್ಕಿದರೂ ಅಲ್ಲಿ ಪರಕೀಯನು ಬಂದಿದ್ದಾನೆಂದು ಗಿಡದ ಕೋಶಗಳು ಗುರುತಿಸಿಕೊಳ್ಳುತ್ತವೆ. ಅದಕ್ಕಾಗಿ ಕೋಶದ ಹೊರಮೈಯಲ್ಲಿ ಕೈಟಿನ್ನನ್ನು ಹಿಡಿದು ನೋಡುವ ಪ್ರೋಟೀನುಗಳು ಕಾವಲುಗಾರರಂತೆ ನಿಂತಿರುತ್ತವೆ. ಅವು ಕೂಗಿದರೆ ಗಿಡವು ಆ ಭಾಗದ ಗೋಡೆಯನ್ನು ದಪ್ಪಮಾಡಿ, ಬೂಷ್ಟನ್ನು ಸುಡತಕ್ಕ ರಸಗಳನ್ನು ಸುರಿಸುತ್ತದೆ.

ಬೂಷ್ಟು ಇದಕ್ಕೆ ಉಪಾಯ ಮಾಡಿಕೊಂಡಿದೆ. ಒಳಹೊಕ್ಕ ಎಳೆಯು ತನ್ನಿಂದ ಒಂದು ಪ್ರೋಟೀನನ್ನು ಹೊರಕ್ಕೆ ಬಿಟ್ಟು, ಉದುರಿದ ಕೈಟಿನ್ ಚೂರುಗಳನ್ನು ಕಾವಲುಗಾರರ ಕೈಗೆ ಸಿಕ್ಕುವುದಕ್ಕೆ ಮೊದಲೇ ಗುಡಿಸಿಕೊಳ್ಳುತ್ತದೆ. ಕಳ್ಳನು ತನ್ನ ಹೆಜ್ಜೆಯ ಗುರುತನ್ನು ತಾನೇ ಅಳಿಸುತ್ತಾ ಹೋಗುವಂತೆ. ಇದಲ್ಲದೆ ಇನ್ನೂ ಅನೇಕ ಪ್ರೋಟೀನುಗಳನ್ನು ಗಿಡದ ಕೋಶಗಳ ಒಳಕ್ಕೇ ಕಳುಹಿಸಿ, ಅಲ್ಲಿನ ರಕ್ಷಣೆಯ ವ್ಯವಸ್ಥೆಯನ್ನು ಮಲಗಿಸುತ್ತದೆ. ಆಮೇಲೆ ಕೋಶದಿಂದ ಕೋಶಕ್ಕೆ ಇರುವ ಸ್ವಾಭಾವಿಕವಾದ ಸಣ್ಣ ದ್ವಾರಗಳಲ್ಲೇ ನುಸುಳಿ ಮುಂದಕ್ಕೆ ಹೋಗುವುದು. ಈ ದಿನಗಳಲ್ಲಿ ಅದು ಗಿಡವನ್ನು ಕೊಲ್ಲುವುದಿಲ್ಲ. ಜೀವಂತವಾದ ಕೋಶಗಳಿಂದಲೇ ಆಹಾರವನ್ನು ಹೀರುತ್ತಿರುತ್ತದೆ. ಹೊಲದ ಬದುವಿನಲ್ಲಿ ನಿಂತವನಿಗೆ ಪೈರು ಹಸುರಾಗಿ, ಆರೋಗ್ಯವಾಗಿ ಕಾಣುವುದು.

ನಾಲ್ಕೈದು ದಿನಗಳಾದ ಮೇಲೆ ಬೂಷ್ಟು ತನ್ನ ಸ್ವಭಾವವನ್ನು ಬದಲಾಯಿಸಿ ಕೋಶಗಳನ್ನು ಕೊಲ್ಲತೊಡಗುತ್ತದೆ. ಆಗ ಮಚ್ಚೆಯು ಕಾಣುವುದು. ಆ ಮಚ್ಚೆಯಿಂದ ದಿನವೂ ಸಾವಿರಾರು ಹೊಸ ಕಣಗಳು ಗಾಳಿಗೆ ಹಾರುವುವು. ಮಚ್ಚೆಯನ್ನು ನೋಡಿದ ಮೇಲೆ ಔಷಧಿ ತರುವುದಕ್ಕೆ ಪೇಟೆಗೆ ಹೋದವನು, ಕಳ್ಳನು ಮನೆಯನ್ನು ದೋಚಿ, ಪಕ್ಕದ ಮನೆಗೆ ಹೋದ ಮೇಲೆ ಬೀಗವನ್ನು ಕೊಂಡಂತೆ. ಶೆಟ್ಟಿಹಳ್ಳಿಯ ಯಜಮಾನರ ಹೊಲದಲ್ಲಿ ಆದದ್ದು ಇದೇ. ಕುತ್ತಿಗೆಯು ಕಪ್ಪಾದ ಹೊತ್ತಿಗೆ ಒಳಗಿನ ದಾರಿಯು ಕೆಟ್ಟುಹೋಗಿತ್ತು. ಸತ್ತ ಭಾಗವನ್ನು ಬದುಕಿಸುವ ಔಷಧಿಯಿಲ್ಲ.

ತಳಿಗಳ ನಿರೋಧಶಕ್ತಿ

ಹಾಗಾದರೆ ಕೆಲವು ತಳಿಗಳಿಗೆ ರೋಗವು ಕಡಿಮೆ ತಗಲುವುದೇಕೆ? ಆ ತಳಿಗಳ ಕೋಶಗಳಲ್ಲಿ ಒಳಗಾವಲಿನ ಪ್ರೋಟೀನುಗಳಿರುತ್ತವೆ. ಬೂಷ್ಟು ಕಳುಹಿಸಿದ ಯಾವುದಾದರೊಂದು ಪ್ರೋಟೀನನ್ನು ಇವು ಗುರುತಿಸಿದವೆಂದರೆ, ಆ ಕೋಶವು ತಾನೇ ಪ್ರಾಣವನ್ನು ಬಿಡುತ್ತದೆ. ಜೀವಂತವಾದ ಕೋಶದಲ್ಲಿ ಮಾತ್ರ ಆಗ ಬದುಕಬಲ್ಲ ಬೂಷ್ಟು ಅಲ್ಲಿಯೇ ಸಿಕ್ಕಿಬೀಳುತ್ತದೆ. ಎಲೆಯ ಮೇಲೆ ಸೂಜಿಯ ಮೊನೆಯಷ್ಟು ಕಂದು ಚುಕ್ಕೆಯೊಂದು ಉಳಿಯುವುದು, ಅಷ್ಟೇ. ಅಮೆರಿಕದಲ್ಲಿ ಫ್ಲೋರ್ ಎಂಬ ವಿದ್ವಾಂಸರು 1940ರ ದಶಕದಲ್ಲಿ ಅಗಸೆಯ ತುಕ್ಕು ರೋಗವನ್ನು ಪರೀಕ್ಷಿಸಿ, ಗಿಡದ ಒಂದೊಂದು ನಿರೋಧ ವಂಶವಾಹಿಗೂ ರೋಗಾಣುವಿನಲ್ಲಿ ಅದಕ್ಕೆ ಸರಿಯಾದ ಒಂದೊಂದು ವಂಶವಾಹಿಯಿದೆಯೆಂದು ತೋರಿಸಿದರು. ಬೀಗಕ್ಕೆ ಬೀಗದ ಕೈ ಇರುವಂತೆ.

ಆದರೆ ಬೂಷ್ಟು ತನ್ನ ಆ ಪ್ರೋಟೀನನ್ನು ಸ್ವಲ್ಪ ಮಾರ್ಪಡಿಸಿಕೊಂಡರೂ ಸಾಕು, ಒಳಗಾವಲಿಗೆ ಗುರುತು ಸಿಕ್ಕುವುದಿಲ್ಲ. ಕೋಟ್ಯಂತರ ಕಣಗಳಲ್ಲಿ ಅಂಥಾದ್ದೊಂದು ಹುಟ್ಟುವುದು ಅಪರೂಪವಲ್ಲ. ಒಂದೇ ತಳಿಯನ್ನು ಸೀಮೆಯೆಲ್ಲಾ ಬಿತ್ತಿದರೆ ಆ ಒಂದು ಕಣದ ಸಂತತಿಗೆ ಸೀಮೆಯೆಲ್ಲಾ ಬಾಗಿಲು ತೆರೆದಂತಾಗುತ್ತದೆ.

ನಮ್ಮ ಸೀಮೆಯಲ್ಲಿ ರಾಗಿಯ ತಳಿಗಳ ಕೆಲಸಕ್ಕೆ ದೀರ್ಘವಾದ ಚರಿತ್ರೆಯಿದೆ. ಶೆಟ್ಟಿಹಳ್ಳಿಗೆ ದೂರವಲ್ಲದ ಹೆಬ್ಬಾಳದಲ್ಲಿ 1899ರಲ್ಲಿ ಪ್ರಯೋಗ ಕ್ಷೇತ್ರವೂ 1913ರಲ್ಲಿ ವ್ಯವಸಾಯದ ಶಾಲೆಯೂ ಆರಂಭವಾದವು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. 1960ರ ದಶಕದಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳಿಗೆ ಅಡಿಪಾಯ ಹಾಕಿದರು. ಇಳುವರಿಯು ಬಹಳ ಹೆಚ್ಚಿತು. ಇವುಗಳಲ್ಲಿ ಇಂಡಾಫ್ 5 ಮುಂತಾದುವಕ್ಕೆ ಬೆಂಕಿ ರೋಗದ ಭಯವಿತ್ತು. 1990ರ ದಶಕದಲ್ಲಿ ಇಂಡಾಫ್ ತಳಿಗಳನ್ನೂ ಐ.ಇ. 1012 ಎಂಬ ಮೂಲವನ್ನೂ ಕೂಡಿಸಿ ಬಿಡುಗಡೆ ಮಾಡಿದ ಜಿ.ಪಿ.ಯು. 28 ಎಂಬ ತಳಿಯು ಕುತ್ತಿಗೆಯ ರೋಗವನ್ನು ತಡೆಯುವುದರಲ್ಲಿ ಹೆಸರಾಯಿತು.

ಮಾಡತಕ್ಕ ಕೆಲಸಗಳು

ಮೇಲಿನ ವಿವರಗಳಿಂದ ಹೊರಡುವ ತತ್ತ್ವವು ಒಂದೇ: ಬೂಷ್ಟು ಒಳಕ್ಕೆ ಹೊಗುವುದಕ್ಕೆ ಮೊದಲು ತಡೆಯಬೇಕು. ಇದು ನಮ್ಮ ಸೀಮೆಗೆ ಹೊಸದಲ್ಲ. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಡಾಕ್ಟರ್ ಕೋಲ್ಮನ್ನರು ಅಡಕೆಯ ಕೊಳೆರೋಗವನ್ನು ಪರೀಕ್ಷಿಸಿ, ಮಳೆಗಾಲ ಬಲಿಯುವುದಕ್ಕೆ ಮುಂಚೆಯೇ ಗೊನೆಗಳಿಗೆ ಬೋರ್ಡೋ ದ್ರಾವಣವನ್ನು ಹೊಡೆಯಬೇಕೆಂದು ಬೋಧಿಸಿದರು. ಮಲೆನಾಡಿನ ತೋಟದವರು ಅದನ್ನು ಇಂದಿಗೂ ಅನುಸರಿಸುತ್ತಾರೆ. ರಾಗಿಯಲ್ಲಿಯೂ ಹೀಗೆಯೇ ನಡೆಯತಕ್ಕದ್ದು.

1. ಬೀಜ. ರೋಗವು ಬೀಜದ ಮೂಲಕವೂ ಬರುವುದು. ಕಪ್ಪಾದ ತೆನೆಯಿದ್ದ ಹೊಲದ ರಾಗಿಯನ್ನು ಬಿತ್ತನೆಗೆ ಇಡಬಾರದು. ಬೀಜದ ಜೊತೆಯಲ್ಲಿ ರೋಗವು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಗೋಧಿಯ ಬೆಂಕಿ ರೋಗವೇ ಎಚ್ಚರಿಕೆ: 1985ರಲ್ಲಿ ಬ್ರೆಜಿಲಿನಲ್ಲಿ ಕಾಣಿಸಿದ ಅದು 2016ರಲ್ಲಿ ಸಮುದ್ರಗಳಾಚೆಯ ಬಾಂಗ್ಲಾದೇಶದಲ್ಲಿ ಎದ್ದಿತು.

2. ಬೀಜೋಪಚಾರ. ಕಿಲೋ ಬೀಜಕ್ಕೆ 2 ಗ್ರಾಂ ಕಾರ್ಬೆಂಡಜಿಮ್ ಪುಡಿಯನ್ನು ಬೆರೆಸುವುದು ವಾಡಿಕೆ. ಇದು ಬೂಷ್ಟಿನ ಕೋಶಗಳು ಒಡೆದು ಎರಡಾಗದಂತೆ ತಡೆಯುವುದು.

3. ತಳಿ. ನಿರೋಧಶಕ್ತಿಯುಳ್ಳ ತಳಿಯನ್ನು ಆರಿಸುವುದು. ಊರಿನವರೆಲ್ಲರೂ ಒಂದನ್ನೇ ಬಿತ್ತದೆ ಎರಡು ಮೂರು ತಳಿಗಳನ್ನು ಹಂಚಿಕೊಳ್ಳುವುದು.

4. ಗೊಬ್ಬರ. ಮಳೆಯಾಶ್ರಯದ ರಾಗಿಗೆ ಎಕರೆಗೆ ಸುಮಾರು 20 ಕಿಲೋ ಸಾರಜನಕ ಸಾಕು. ಯೂರಿಯದ ಲೆಕ್ಕದಲ್ಲಿ ಇದು ಒಂದು ಚೀಲದೊಳಗೇ ಮುಗಿಯುವುದು. ಅರ್ಧವನ್ನು ಬಿತ್ತುವಾಗಲೂ ಉಳಿದರ್ಧವನ್ನು ನಾಲ್ಕು ವಾರಗಳಿಗೂ ಕೊಡತಕ್ಕದ್ದು. ಕಪ್ಪು ಹಸುರಾಗಲೆಂದು ಹೆಚ್ಚು ಸುರಿದರೆ ಎಲೆಯು ಮೆದುವಾಗಿ, ಪೈರು ಒತ್ತಾಗಿ, ಇಬ್ಬನಿಯು ಹೊತ್ತೇರಿದರೂ ಆರುವುದಿಲ್ಲ.

5. ಅಂತರ. ಕೂರಿಗೆಯ ಸಾಲು ಹಿಡಿದು ಬಿತ್ತಿ, ಗಾಳಿಯಾಡುವಂತೆ ಪೈರನ್ನು ತೆಳುಮಾಡುವುದು. ಹಿರಿಯರು ಇಡುತ್ತಿದ್ದ ಅವರೆ, ತೊಗರಿಗಳ ಅಕ್ಕಡಿ ಸಾಲನ್ನು ಬಿಡದಿರುವುದು. ಅವುಗಳಿಗೆ ಈ ಬೂಷ್ಟು ತಗಲದು. ಬದುವಿನ ಮೇಲಿನ ಕಾಡುರಾಗಿ ಹುಲ್ಲು ಬೂಷ್ಟಿಗೆ ತಂಗುದಾಣವಾದ್ದರಿಂದ ಅದನ್ನು ಕೀಳಿಸತಕ್ಕದ್ದು.

6. ಸಿಂಪಡಣೆ. ತೆನೆ ಹೊರಡುವ ಕಾಲದಲ್ಲಿ ಮೋಡ, ಸೋನೆ, ಮಂಜು ಹಿಡಿದರೆ ಮಚ್ಚೆಗಾಗಿ ಕಾಯದೆ ಒಂದು ಸಲವೂ ಹತ್ತು ದಿನ ಬಿಟ್ಟು ಮತ್ತೊಂದು ಸಲವೂ ಹೊಡೆಯಿಸುವುದು. ಟ್ರೈಸೈಕ್ಲಜೋಲ್ ಎಂಬ ಔಷಧಿಯು ಬೂಷ್ಟನ್ನು ಕೊಲ್ಲುವುದಿಲ್ಲ. ಒತ್ತುಗಂಟಿನ ಕಪ್ಪು ಗಿಲಾವು ಕಟ್ಟದಂತೆ ಮಾಡುತ್ತದೆ. ಗಿಲಾವಿಲ್ಲದ ಗಂಟಿನಲ್ಲಿ ಒತ್ತಡವು ನಿಲ್ಲದು, ಮೊಳೆಯು ಇಳಿಯದು. ಇಂಥ ಔಷಧಿಯನ್ನು ಬೂಷ್ಟು ಒಳಹೊಕ್ಕ ಮೇಲೆ ಹೊಡೆದರೆ ಫಲವೇನು? ಯಾವ ಔಷಧಿಗೆ ಆ ವರ್ಷ ಅನುಮತಿಯಿದೆ, ಅಳತೆಯೆಷ್ಟು ಎಂಬುದನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಯೇ ಕೊಳ್ಳತಕ್ಕದ್ದು.

ಮುಖಂಡರಲ್ಲಿ ಬಿನ್ನಹ

ಬೀಜಕಣಕ್ಕೆ ಬದುವೂ ಇಲ್ಲ, ಸರ್ವೆ ನಂಬರೂ ಇಲ್ಲ. ಒಬ್ಬನು ಎಷ್ಟು ಎಚ್ಚರವಾಗಿದ್ದರೂ ಪಕ್ಕದವನು ಕೆಟ್ಟ ಬೀಜವನ್ನು ಬಿತ್ತಿದರೆ ಇಬ್ಬರಿಗೂ ನಷ್ಟ. ಆದುದರಿಂದ ಈ ಕೆಲಸವು ಒಂದು ಮನೆಯದಲ್ಲ, ಊರಿನದು. ಮುಂಗಾರಿಗೆ ಮೊದಲೇ ಗ್ರಾಮದ ಮುಖಂಡರು ಎಲ್ಲರನ್ನೂ ಒಂದು ಕಡೆ ಸೇರಿಸಿ, ಯಾರ ಬೀಜ ಯಾವ ಹೊಲದ್ದು, ಯಾರು ಯಾವ ತಳಿಯನ್ನು ಬಿತ್ತುವರು ಎಂಬುದನ್ನು ಗೊತ್ತುಮಾಡಬೇಕಾಗಿ ಪ್ರಾರ್ಥನೆ. ದೊಡ್ಡ ಹಿಡುವಳಿದಾರರು ಒಳ್ಳೆಯ ಬೀಜವನ್ನು ಬಡ ರೈತನಿಗೆ ಕೊಟ್ಟರೆ ಅದು ದಾನ ಮಾತ್ರವಲ್ಲ, ಅವರ ಪೈರಿಗೇ ಬೇಲಿ.

ಶೆಟ್ಟಿಹಳ್ಳಿಯ ಯಜಮಾನರಿಗೆ ನಾನು ಇದನ್ನೆಲ್ಲಾ ಜಗಲಿಯ ಮೇಲೆ ಕುಳಿತು ಹೇಳಿದೆನು. ಅವರು ಬಹಳ ಹೊತ್ತು ಮಾತನಾಡದೆ ಕೇಳಿ, “ಹಾಗಾದರೆ ಪಕ್ಕದ ಹೊಲದವರನ್ನೂ ಕರೆಸಬೇಕು” ಎಂದರು. ಮರುವರ್ಷ ಅವರೂ ಸುತ್ತಲಿನ ನಾಲ್ಕು ಮನೆಯವರೂ ಬೀಜವನ್ನು ಬದಲಾಯಿಸಿ, ಉಪಚಾರ ಮಾಡಿ ಬಿತ್ತಿದರು. ಆ ವರ್ಷವೂ ಸೋನೆ ಹಿಡಿಯಿತು. ಅಲ್ಲಲ್ಲಿ ಕೆಲವು ಕುತ್ತಿಗೆಗಳು ಕಪ್ಪಾದವು. ಆದರೆ ಮನೆಯ ಊಟಕ್ಕೂ ಬೀಜಕ್ಕೂ ಸಾಲುವಷ್ಟು ರಾಗಿಯು ಕಣದಲ್ಲಿ ಬಿದ್ದಿತು.